ಉಡಿ ತುಂಬುವ ಸೆರಗು: ವಧುವಿಗೆ ಸೀರೆ ಉಡಿಸುವ ಬಗೆ

ಉತ್ತರ ಕರ್ನಾಟಕದ ಲಿಂಗಾಯತ ಮನೆತನಗಳಲ್ಲಿ ವಧುವಿಗೆ ಸೀರೆ ಉಡಿಸುವ ಹೊಣೆ ಬಹುಕಾಲ ಮನೆಯ ಹಿರಿಯ ತಾಯಂದಿರದ್ದಾಗಿತ್ತು. ಈಚೆಗೆ ಅದು ಬ್ಯೂಟಿಷಿಯನ್ನರ ಕೈ ಸೇರಿದೆ. ಅದರಲ್ಲಿ ದೋಷವೇನೂ ಇಲ್ಲ. ಆದರೆ ಛಾಯಾಚಿತ್ರಕ್ಕೆ ಒಪ್ಪುವಂತೆ ಹತ್ತಾರು ಪಿನ್ನುಗಳಿಂದ ಬಿಗಿದ ಸೀರೆಯಲ್ಲಿ ವಧು ನೆಲದ ಮೇಲೆ ನೆಮ್ಮದಿಯಾಗಿ ಕೂಡಲಾರಳು, ಹಿರಿಯರ ಪಾದಕ್ಕೆ ಬಾಗಲಾರಳು. ಉಡಿ ತುಂಬುವ ವೇಳೆಗೆ ಸೆರಗು ಬಿಡಿಸಲು ಬಾರದೆ ಟವೆಲ್ಲನ್ನು ಒಡ್ಡುವ ಪ್ರಸಂಗವೂ ಬರುತ್ತದೆ. ಮದುವೆಯ ಸೀರೆ ಮೊದಲು ಮದುವೆಯ ವಿಧಿಗಳಿಗೆ ಒದಗಬೇಕು.

ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಸೀರೆಯನ್ನೇ ನೋಡಬಹುದು. ಅದರ ಒಡಲಿಗೆ ಹತ್ತಿಯ ಹಾಸು ಇದ್ದರೂ ಸೆರಗಿನ ಹಾಸು ರೇಷ್ಮೆಯದು. ಎರಡರ ಎಳೆಗಳನ್ನೂ ಒಂದೊಂದಾಗಿ ಕೊಂಡಿ ಹಾಕಿ ಜೋಡಿಸಿದ ಮೇಲೆಯೇ ಸೆರಗಿನ ನೇಯ್ಗೆ ನಡೆಯುತ್ತದೆ. ಕೆಂಪು ನೆಲದ ಮೇಲೆ ಬಿಳಿಯ ತೆನೆಗಳು ಮೂಡುವ ಈ ಟೋಪು ತೆನಿ ಸೆರಗನ್ನು ನಾಲ್ಕು ಬೆರಳಿನಗಲ ಮಡಿಸಿ ಭುಜಕ್ಕೆ ಚುಚ್ಚಿದರೆ ತೆನೆಯೂ ಕಾಣದು, ನೇಕಾರನ ಶ್ರಮವೂ ಕಾಣದು. ಅದು ಹರಡಿ ಹೊದೆಯಲೆಂದೇ ನೇಯ್ದದ್ದು. ಇನ್ನು ಕಸೂತಿಯ ಗವಂತಿ ಮತ್ತು ಮುರ್ಗಿ ಹೊಲಿಗೆಗಳು ಬಟ್ಟೆಯ ಎರಡೂ ಮಗ್ಗುಲಲ್ಲಿ ಒಂದೇ ರೀತಿ ಕಾಣುತ್ತವೆ. ದಾರಕ್ಕೆ ಗಂಟು ಹಾಕುವುದಿಲ್ಲ. ಸೆರಗನ್ನು ಉಡಿಯಾಗಿ ಒಡ್ಡಿದಾಗ ಮೇಲೆ ಬರುವುದು ಒಳಮಗ್ಗುಲೇ ಅಲ್ಲವೇ!

ಉಡಿಸುವಾಗ ಮೊದಲು ಸೆರಗನ್ನು ಅಳೆದು ಬಿಡಬೇಕು. ಎಡಭುಜದಿಂದ ಹಿಂದಕ್ಕೆ ಇಳಿದ ಸೆರಗು ಮೊಣಕಾಲಿನ ಹಿಂಬದಿಗೆ ಮುಟ್ಟಿದರೆ ತಲೆಯ ಮೇಲೆ ಹೊದೆಯಲೂ, ಬಲಗಡೆಯಿಂದ ಮುಂದಕ್ಕೆ ತಂದು ಎರಡೂ ಕೈಗಳಲ್ಲಿ ಒಡ್ಡಲೂ ಸಾಕಾಗುತ್ತದೆ. ಉಡಿಗೆ ಬೀಳುವುದು ಕಡಿಮೆಯೇನಲ್ಲ: ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಎಲೆ ಅಡಿಕೆ, ಮೇಲೊಂದು ಗುಳೇದಗುಡ್ಡದ ಖಣ. ಉಳಿದ ಬಟ್ಟೆಯಲ್ಲಿ ಅಂಗೈಯಗಲದ ಐದಾರು ನಿರಿಗೆ ಹಿಡಿದು ಸಿಕ್ಕಿಸಬೇಕು. ಅದನ್ನು ಬಿಗಿಗೊಳಿಸುವ ಮುನ್ನ ವಧುವನ್ನು ಒಮ್ಮೆ ಚಕ್ಕಳಮಕ್ಕಳ ಹಾಕಿ ಕುಳ್ಳಿರಿಸಿ ನೋಡುವುದು ಒಳಿತು. ಮೊಣಕಾಲಿನ ಬಳಿ ಬಟ್ಟೆ ಜಗ್ಗಿದರೆ ನಿರಿಗೆಯಿಂದ ಒಂದು ಸುತ್ತನ್ನು ಸಡಿಲಿಸಬೇಕು. ಪಿನ್ನು ಎರಡು ಸಾಕು: ನಿರಿಗೆಯ ಒಳಗೊಂದು, ಭುಜದ ಮೇಲೊಂದು. ಒಡಲು ಸೆರಗು ಕೂಡುವ ಕೊಂಡಿಯ ಸಾಲಿನ ಮೇಲೆ ಮಾತ್ರ ಚುಚ್ಚಬಾರದು; ಅಲ್ಲಿ ಎಳೆ ಜಗ್ಗಿದರೆ ಜೋಡಣೆಯೇ ಬಿಚ್ಚಿಕೊಳ್ಳುವ ಅಪಾಯವಿದೆ.

ವಧೂವರರು ಇಷ್ಟಲಿಂಗ ಪೂಜೆಗೆ ಕೂಡುವ ಮದುವೆಗಳಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಲಿಂಗವನ್ನು ಎಡದ ಅಂಗೈಯಲ್ಲಿ ಹಿಡಿಯುವುದು ಪದ್ಧತಿ. ಸೆರಗೂ ಎಡಭುಜದಲ್ಲೇ ಇರುತ್ತದೆ. ಅದು ತೋಳಿನ ಮೇಲೆ ಜಾರುತ್ತಿದ್ದರೆ ದೃಷ್ಟಿ ಲಿಂಗದಲ್ಲಿ ನಿಲ್ಲುವುದೆಂತು? ಆ ಹೊತ್ತಿಗೆ ಸೆರಗಿನ ತುದಿಯನ್ನು ಬೆನ್ನ ಹಿಂದಿನಿಂದ ತಂದು ಬಲಸೊಂಟಕ್ಕೆ ಸಿಕ್ಕಿಸಿದರೆ ಎಡಗೈ ನಿರಾಳವಾಗುತ್ತದೆ. ಶಿವದಾರವನ್ನು ಸರಗಳ ಅಡಿಯಲ್ಲಿ ಸಿಲುಕದಂತೆ, ಕರಡಿಗೆ ಸುಲಭವಾಗಿ ಕೈಗೆ ಬರುವಂತೆ ಮೊದಲೇ ಇರಿಸಬೇಕು.

ಮಠಗಳ ಸಾಮೂಹಿಕ ವಿವಾಹಗಳಲ್ಲಿ ಈ ತಿಳಿವಳಿಕೆ ಇನ್ನಷ್ಟು ಉಪಯುಕ್ತ. ಅಲ್ಲಿ ಒಂದೇ ಕೋಣೆಯಲ್ಲಿ ಅನೇಕ ವಧುಗಳು ಸಿದ್ಧರಾಗಬೇಕು, ಸಮಯವೂ ಅಲ್ಪ. ಖರ್ಚು ತಪ್ಪಿಸಲೆಂದು ಅಲ್ಲಿಗೆ ಬಂದ ತಂದೆತಾಯಿಗಳು ಸೀರೆ ಉಡಿಸಲು ಮತ್ತೆ ಸಾಲ ಮಾಡುವಂತಾಗಬಾರದು. ಸೀರೆ ಉಡಿಸಬಲ್ಲ ಇಬ್ಬರು ಮೂವರು ತಾಯಂದಿರು ಮುಂಜಾನೆಯೇ ಬಂದರೆ ಸಾಕು. ಗಂಜಿಯಿಂದ ಬಿರುಸಾಗಿರುವ ಹೊಸ ಹತ್ತಿ ಸೀರೆ ಮೊದಲ ಸಲ ನಿರಿಗೆಗೆ ಬಗ್ಗುವುದಿಲ್ಲ. ಆದ್ದರಿಂದ ಸೀರೆ ಕೈಸೇರಿದ ದಿನವೇ ಅದನ್ನು ಬಿಡಿಸಿ, ವಧು ಮನೆಯಲ್ಲಿ ಒಂದೆರಡು ತಾಸು ಉಟ್ಟು ಓಡಾಡಿದರೆ ಬಟ್ಟೆ ಮೆತ್ತಗಾಗಿ ಮೈಗೆ ಹೊಂದಿಕೊಳ್ಳುತ್ತದೆ.