ಹಳೆಯ ಮನೆಯ ಮರಮುಟ್ಟು: ಬಣ್ಣ ತೆಗೆದು ಎಣ್ಣೆ ಕೊಡುವ ಕ್ರಮ

ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳ ಹಳೆಯ ಮನೆಗಳಲ್ಲಿ ಜಗಲಿಯ ಕಂಬ, ಮಾಳಿಗೆಯ ಹಲಗೆ ನೆಲ, ಮುಚ್ಚಿಗೆಗಳು ಸಾಮಾನ್ಯವಾಗಿ ಹಲಸು, ಬೋಗಿ, ಸಾಗುವಾನಿ ಮರದವು. ಅಂತಹ ಬಲಿತ ಮರ ಇಂದು ಸುಲಭವಾಗಿ ದೊರೆಯುವುದಿಲ್ಲ. ಆದುದರಿಂದ ಇರುವುದನ್ನು ಉಳಿಸಿಕೊಳ್ಳುವುದೇ ಲಾಭದಾಯಕ.

ಮರ ಕೆಡುವುದೇಕೆ?

ಮರದ ತೇವಾಂಶ ಶೇಕಡಾ ೨೦ಕ್ಕಿಂತ ಕಡಿಮೆ ಇರುವವರೆಗೆ ಕೊಳೆಸುವ ಶಿಲೀಂಧ್ರ ಬೆಳೆಯಲಾರದು. ವರ್ಷಕ್ಕೆ ಸುಮಾರು ೪,೦೦೦ ಮಿಲಿಮೀಟರ್ ಮಳೆ ಬೀಳುವ ಈ ಪ್ರದೇಶದಲ್ಲಿ ಇರಚಲು ತಾಗುವ ಕಂಬ, ಹಲಗೆಗಳು ಮಳೆಗಾಲದಲ್ಲಿ ನೀರು ಹೀರುತ್ತವೆ. ಎನಾಮಲ್ ಬಣ್ಣದ ಪದರ ಬಿರುಕು ಬಿಟ್ಟಲ್ಲಿ ನೀರು ಒಳಸೇರುತ್ತದೆ. ಉಳಿದ ಪದರ ಅದನ್ನು ಆರಲು ಬಿಡುವುದಿಲ್ಲ. ಹೊರಗೆ ಹೊಳಪು, ಒಳಗೆ ಕೊಳೆತ ಎಂಬ ಸ್ಥಿತಿ ಬರುವುದು ಹೀಗೆ. ಹಳೆಯ ಬಣ್ಣದ ಮೇಲೆ ಹೊಸ ಬಣ್ಣ ಬಳಿಯುವುದು ಇದಕ್ಕೆ ಪರಿಹಾರವಲ್ಲ.

ಕೆಲಸದ ಕಾಲ

ಜನವರಿಯಿಂದ ಏಪ್ರಿಲ್‌ವರೆಗಿನ ಒಣ ಹವೆ ಸೂಕ್ತ. ಮೊದಲು ಸೋರುವ ಹೆಂಚು ಸರಿಪಡಿಸಬೇಕು. ದಬ್ಬಣದಿಂದ ಕಂಬದ ಬುಡ, ತೊಲೆಯ ತುದಿ, ಹಲಗೆಯ ಸಂದುಗಳನ್ನು ಚುಚ್ಚಿ ನೋಡಬೇಕು. ದಬ್ಬಣ ಸಲೀಸಾಗಿ ಇಳಿದರೆ ಆ ಭಾಗವನ್ನು ಬಡಗಿಯಿಂದ ಕತ್ತರಿಸಿ ಹೊಸ ತುಂಡು ಕೂಡಿಸಬೇಕು. ಹಳೆಯ ಮರಗೆಲಸ ಬಿಚ್ಚಿ ಜೋಡಿಸಲು ಬರುವಂಥದು. ಹರ್ಕೂರಿನ ಒಳಗಿನಮನೆಯನ್ನು ಬಿಚ್ಚಿ ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಮತ್ತೆ ನಿಲ್ಲಿಸಿರುವುದು ಇದಕ್ಕೆ ನಿದರ್ಶನ.

ಹಳೆಯ ಬಣ್ಣ ತೆಗೆಯುವುದು

ಮನೆಬಳಕೆಯ ಬಣ್ಣದಲ್ಲಿ ಸೀಸದ ಪ್ರಮಾಣವನ್ನು ೯೦ ಪಿಪಿಎಂಗೆ ಮಿತಿಗೊಳಿಸುವ ನಿಯಮ ೨೦೧೭ರ ನವೆಂಬರ್‌ನಲ್ಲಿ ಜಾರಿಗೆ ಬಂದಿತು. ಅದಕ್ಕಿಂತ ಹಿಂದಿನ ಬಣ್ಣದಲ್ಲಿ ಸೀಸ ಇರಬಹುದೆಂದೇ ತಿಳಿದು ಕೆಲಸ ಮಾಡಬೇಕು. ಬೆಂಕಿಯಿಂದ ಸುಡಬಾರದು, ಒಣದಾಗಿ ಉಜ್ಜಬಾರದು. ನೀರು ಚಿಮುಕಿಸಿ, ಒದ್ದೆಯಾಗಿರುವಾಗಲೇ ಹೆರೆಯಬೇಕು. ಮೂಗು ಬಾಯಿಗೆ ಧೂಳು ತಡೆಯುವ ಮುಖಗವಸು ಇರಲಿ; ಮಕ್ಕಳೂ ಗರ್ಭಿಣಿಯರೂ ಹತ್ತಿರ ಬಾರದಿರಲಿ.

ಹೆರೆದ ಪುಡಿಯನ್ನು ಕೆಳಗೆ ಹಾಸಿದ ಪ್ಲಾಸ್ಟಿಕ್ ಹಾಳೆಯಲ್ಲಿಯೇ ಕಟ್ಟಿ ತೆಗೆಯಬೇಕು. ಅದನ್ನು ಗೊಬ್ಬರದ ಗುಂಡಿಗೆ, ತರಕಾರಿ ಪಾತಿಗೆ, ಹಟ್ಟಿಯ ಬಳಿಗೆ ಸರ್ವಥಾ ಹಾಕಕೂಡದು. ಸೀಸ ಮಣ್ಣಿನಲ್ಲಿ ಕರಗಿ ಹೋಗುವುದಿಲ್ಲ; ಹಳೆಯ ಬಣ್ಣ ನೆಕ್ಕಿದ ದನಕರುಗಳು ಸಾಯುವುದುಂಟು.

ಕಾಸ್ಟಿಕ್ ಸೋಡ ಬಳಸಿದರೆ ಮರ ಕಪ್ಪಾಗುವ ಸಂಭವವಿರುವುದರಿಂದ ಅದು ಬೇಡ. ಬಣ್ಣ ತೆಗೆದ ಮರವನ್ನು ನೆರಳಿನಲ್ಲಿ ಗಾಳಿಯಾಡುವಂತೆ ಎರಡು ವಾರವಾದರೂ ಒಣಗಿಸಬೇಕು.

ಎಣ್ಣೆ ಕೊಡುವುದು

ಕಂಬ ಮತ್ತು ನೆಲಕ್ಕೆ ಕಾಯಿಸಿದ ಅಗಸೆ ಎಣ್ಣೆ ಉತ್ತಮ. ಮೊದಲ ಸಲ ಎಣ್ಣೆ ಮತ್ತು ಟರ್ಪೆಂಟೈನನ್ನು ಸಮಭಾಗ ಬೆರೆಸಿ ಹಚ್ಚಬೇಕು. ಅರ್ಧ ಗಂಟೆಯ ನಂತರ ಮರ ಕುಡಿಯದೆ ಉಳಿದ ಎಣ್ಣೆಯನ್ನು ಬಟ್ಟೆಯಿಂದ ಒರೆಸಬೇಕು. ದಪ್ಪವಾಗಿ ಬಿಟ್ಟರೆ ಅಂಟಾಗಿ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಪೂರ್ತಿ ಆರಿದ ಮೇಲೆ ಬರೀ ಎಣ್ಣೆಯನ್ನು ತೆಳುವಾಗಿ ಇನ್ನೆರಡು ಸಲ ಕೊಡಬೇಕು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಇಟ್ಟರೆ ತಾನಾಗಿಯೇ ಬಿಸಿಯೇರಿ ಬೆಂಕಿ ಹತ್ತಬಹುದು. ಅದನ್ನು ಬಯಲಿನಲ್ಲಿ ಹರಡಿ ಒಣಗಿಸಬೇಕು.

ಈ ಭಾಗದ ಗೇರುಬೀಜ ಕಾರ್ಖಾನೆಗಳ ಉಪ ಉತ್ಪನ್ನವಾದ ಸಿಪ್ಪೆ ಎಣ್ಣೆ ಗೆದ್ದಲು ಮತ್ತು ಕೊಳೆತವನ್ನು ತಡೆಯುತ್ತದೆ. ದೋಣಿಗಳಿಗೂ ಇದನ್ನು ಬಳಿಯುವ ರೂಢಿಯಿದೆ. ಆದರೆ ಚರ್ಮಕ್ಕೆ ತಾಗಿದರೆ ಬೊಕ್ಕೆಗಳೇಳುತ್ತವೆ. ಮರದ ಬಣ್ಣವೂ ಕಪ್ಪಾಗುತ್ತದೆ. ಆದ್ದರಿಂದ ಕೈಗವಸು ಧರಿಸಿ, ಗೋಡೆಯೊಳಗೆ ಸೇರುವ ತೊಲೆಯ ತುದಿ, ಪಕಾಸುಗಳಿಗೆ ಮಾತ್ರ ಹಚ್ಚಬೇಕು. ಜನ ಕೂರುವ ಜಗಲಿಗೆ, ಭತ್ತದ ಕಣಜದ ಒಳಮೈಗೆ ಇದು ಸಲ್ಲದು.

ಮುಂದಿನ ಆರೈಕೆ

ನೀರಿನ ಹನಿ ಮರದ ಮೇಲೆ ಮಣಿಯಂತೆ ನಿಂತರೆ ಎಣ್ಣೆ ಇನ್ನೂ ಇದೆ ಎಂದರ್ಥ. ಕೂಡಲೇ ಇಂಗಿದರೆ ಇನ್ನೊಂದು ತೆಳು ಲೇಪ ಬೇಕು. ಪ್ರತಿ ಬೇಸಿಗೆಯಲ್ಲಿ ಹೀಗೆ ಪರೀಕ್ಷಿಸಿದರೆ ಮತ್ತೆ ಹೆರೆಯುವ ಶ್ರಮ ತಪ್ಪುತ್ತದೆ, ಮರವೂ ಬಾಳುತ್ತದೆ.