ನ್ಯೂಜಿಲೆಂಡಿನ ನೀಳ್ದಾರಿ

ಕಡಲತಡಿಯಲ್ಲಿ, ಅಲೆ ಈಗತಾನೆ ಹಿಂದೆ ಸರಿದ ಒದ್ದೆ ಮರಳಿನ ಮೇಲೆ ಹೆಜ್ಜೆಯಿಟ್ಟಾಗ ಒಂದು ಸೋಜಿಗವನ್ನು ನೀವು ಕಂಡಿರಬಹುದು. ಪಾದವನ್ನು ಊರಿದೊಡನೆ ಅದರ ಸುತ್ತಲಿನ ಮರಳು ತಟಕ್ಕನೆ ಒಣಗಿದಂತೆ ಬೆಳ್ಳಗಾಗುತ್ತದೆ. ಒದ್ದೆ ಬಟ್ಟೆಯನ್ನು ಹಿಂಡಿದರೆ ನೀರು ಹೊರಕ್ಕೆ ಬರುತ್ತದೆ. ಒದ್ದೆ ಮರಳನ್ನು ಒತ್ತಿದರೆ ನೀರು ಒಳಕ್ಕೆ ಇಳಿಯುವುದೇಕೆ? ಈ ಪ್ರಶ್ನೆಗೆ ೧೮೮೫ರಲ್ಲಿ ಉತ್ತರವಿತ್ತವನು ಆಸ್ಬೋರ್ನ್ ರೆನಾಲ್ಡ್ಸ್ ಎಂಬ ವಿಜ್ಞಾನಿ. ಅಲೆಗಳ ಹೊಡೆತದಿಂದ ಮರಳಿನ ಕಣಗಳು ಒತ್ತೊತ್ತಾಗಿ ಅಡಕಗೊಂಡಿರುತ್ತವೆ. ಪಾದದ ಭಾರ ಬಿದ್ದಾಗ ಅವು ಒಂದರ ಮೇಲೊಂದು ಹೊರಳಿ, ನಡುವಣ ತೆರಪು ಹಿಗ್ಗುತ್ತದೆ; ಮೇಲ್ಮೈಯ ನೀರು ಆ ತೆರಪಿಗೆ ಇಳಿಯುತ್ತದೆ.

ಈ ಸೋಜಿಗವನ್ನು ದಿನಗಟ್ಟಲೆ ನೋಡುತ್ತ ನಡೆಯಬಹುದಾದ ದಾರಿಯೊಂದು ನ್ಯೂಜಿಲೆಂಡಿನಲ್ಲುಂಟು. ಅದರ ಹೆಸರು ‘ತೆ ಆರರೋವ’. ಮಾವೊರಿ ಭಾಷೆಯಲ್ಲಿ ಹಾಗೆಂದರೆ ‘ನೀಳವಾದ ದಾರಿ’ ಎಂದೇ ಅರ್ಥ. ಉತ್ತರ ದ್ವೀಪದ ತುದಿಯಲ್ಲಿರುವ ಕೇಪ್ ರೆಯಿಂಗದಿಂದ ದಕ್ಷಿಣ ದ್ವೀಪದ ತುದಿಯ ಬ್ಲಫ್ ಪಟ್ಟಣದವರೆಗೆ ಸುಮಾರು ೩,೦೦೦ ಕಿಲೋಮೀಟರ್ ಉದ್ದವಾಗಿರುವ ಈ ಕಾಲುದಾರಿಗಾಗಿ ಜೆಫ್ ಚಾಪಲ್ ಎಂಬ ಪತ್ರಕರ್ತನು ೧೯೯೪ರಿಂದ ದುಡಿದನು. ೨೦೧೧ರ ಡಿಸೆಂಬರಿನಲ್ಲಿ ಅದು ತೆರೆಯಿತು. ದಿನಕ್ಕೆ ೨೫ ಕಿಲೋಮೀಟರ್ ನಡೆದರೂ ೧೨೦ ದಿನಗಳು ಬೇಕು. ಮನೆ, ಅಡಿಗೆ, ಹಾಸಿಗೆ ಎಲ್ಲವೂ ಬೆನ್ನಿನ ಚೀಲದಲ್ಲಿಯೇ ಇರತಕ್ಕದ್ದು. ಆದ್ದರಿಂದ ಇಲ್ಲಿ ಪಯಣಿಗನು ಮೊದಲು ಕಲಿಯುವ ಶಾಸ್ತ್ರವೆಂದರೆ ತೂಕದ ಶಾಸ್ತ್ರ. ಬೇಯಿಸಿದ ಅನ್ನದಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ನೀರು. ಒಣ ಧಾನ್ಯವನ್ನು ಹೊತ್ತು ನೀರನ್ನು ಹೊಳೆಯಿಂದ ಪಡೆಯುವವನ ಚೀಲ ಹಗುರವಾಗುವುದು ಸಹಜವಷ್ಟೆ.

ಮೊದಲ ದಿನಗಳ ದಾರಿ ‘ತೊಂಬತ್ತು ಮೈಲಿಯ ತೀರ’. ಹೆಸರು ಹಾಗಿದ್ದರೂ ಅದರ ನಿಜವಾದ ಉದ್ದ ಸುಮಾರು ೫೫ ಮೈಲಿ ಮಾತ್ರ. ಇಳಿತದ ವೇಳೆಯಲ್ಲಿ ಒದ್ದೆ ಮರಳು ಗಟ್ಟಿಯಾದ ಹಾದಿಯಾಗುತ್ತದೆ. ಭರತ ಬಂದಾಗ ಮೇಲಣ ಸಡಿಲ ಮರಳಿನಲ್ಲಿ ಕಾಲು ಹೂಳುತ್ತದೆ. ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು ೧೨ ಗಂಟೆ ೨೫ ನಿಮಿಷ. ಹಾಗಾಗಿ ಪ್ರಯಾಣದ ಹೊತ್ತು ದಿನದಿನಕ್ಕೆ ೫೦ ನಿಮಿಷದಷ್ಟು ಮುಂದಕ್ಕೆ ಸರಿಯುತ್ತದೆ. ಇಲ್ಲಿ ಗಡಿಯಾರವನ್ನು ನಡೆಸುವವನು ಚಂದ್ರ.

ತೀರ ಮುಗಿದ ಮೇಲೆ ಕಾಡು. ನಮ್ಮ ಸಹ್ಯಾದ್ರಿಯ ಅಡವಿಯಲ್ಲಿ ನಡೆಯುವವನು ಹಾವಿಗೂ ಆನೆಗೂ ಎಚ್ಚರವಾಗಿರಬೇಕು. ಈ ಕಾಡಿನಲ್ಲಿ ಎರಡೂ ಇಲ್ಲ. ನಮ್ಮ ಭಾರತದಂತೆ ಈ ನೆಲವೂ ಒಮ್ಮೆ ಗೊಂಡ್ವಾನ ಮಹಾಖಂಡದ ಭಾಗವಾಗಿತ್ತು. ಸುಮಾರು ೮ ಕೋಟಿ ವರ್ಷಗಳ ಹಿಂದೆ ಅದರಿಂದ ಬೇರ್ಪಟ್ಟಿತು. ಮನುಷ್ಯನು ಇಲಿಗಳನ್ನೂ ಇತರ ಪ್ರಾಣಿಗಳನ್ನೂ ತರುವ ಮುನ್ನ ಅಲ್ಲಿ ನೆಲದ ಮೇಲಿನ ಸಸ್ತನಿಗಳೆಂದರೆ ಬಾವಲಿಗಳು ಮಾತ್ರ. ಹಾರಲಾರದ ಕಿವಿ ಹಕ್ಕಿ ಬದುಕಿ ಬಾಳಿದ್ದು ಈ ಏಕಾಂತದಲ್ಲಿ.

ಹಾಗಾದರೆ ಈ ಕಾಡಿನಲ್ಲಿ ಅಪಾಯವೇ ಇಲ್ಲವೆ? ಉಂಟು. ಆದರೆ ಅದು ಪಯಣಿಗನಿಗಲ್ಲ, ಪಯಣಿಗನಿಂದ! ಉತ್ತರದ ಅರಣ್ಯಗಳಲ್ಲಿ ಸಾವಿರ ವರ್ಷಕ್ಕೂ ಮಿಕ್ಕಿ ಬಾಳುವ ಕೌರಿ ಎಂಬ ಮಹಾವೃಕ್ಷಗಳಿವೆ. ಮಣ್ಣಿನಲ್ಲಿ ವಾಸಿಸುವ, ಕಣ್ಣಿಗೆ ಕಾಣದ ಒಂದು ಜೀವಿ ಅವುಗಳ ಬೇರನ್ನು ಹೊಕ್ಕು ಮರವನ್ನು ಸಾಯಿಸುತ್ತಿದೆ. ‘ಫೈಟಾಫ್ತೊರ ಅಗಾತಿಡಿಸೈಡ’ ಎಂಬ ಅದರ ಶಾಸ್ತ್ರೀಯ ನಾಮಕ್ಕೆ ಕೌರಿಯ ಕುಲವನ್ನು ಕೊಲ್ಲುವುದು ಎಂಬ ಅರ್ಥವಿದೆ. ಗುಂಡುಸೂಜಿಯ ತಲೆಯಷ್ಟು ಮಣ್ಣು ಬೂಟಿನ ಅಡಿಯಲ್ಲಿ ಅಂಟಿದ್ದರೂ ರೋಗ ಹರಡಬಲ್ಲದು. ಅದನ್ನು ಪೂರ್ಣವಾಗಿ ಗುಣಪಡಿಸುವ ಔಷಧವಿಲ್ಲ. ಅದಕ್ಕಾಗಿಯೇ ಕಾಡಿನ ಬಾಗಿಲಲ್ಲಿ ಕುಂಚವನ್ನೂ ಸೋಂಕುನಾಶಕ ದ್ರವವನ್ನೂ ಇಟ್ಟಿರುತ್ತಾರೆ. ಬೂಟನ್ನು ಉಜ್ಜಿ ತೊಳೆಯಲು ಎರಡು ನಿಮಿಷ ಸಾಕು. ಒಂದು ಕೌರಿ ಬೆಳೆದು ನಿಲ್ಲಲು ಶತಮಾನಗಳು ಬೇಕು.

ಕಾಡನ್ನು ದಾಟಿ ದಕ್ಷಿಣಕ್ಕೆ ಬಂದರೆ ಆಕ್ಲೆಂಡ್ ಮಹಾನಗರ. ಇದು ಸುಮಾರು ೫೦ ಸಣ್ಣ ಜ್ವಾಲಾಮುಖಿಗಳ ಮೇಲೆ ಹಬ್ಬಿದ ಊರು. ಕಾಲುದಾರಿ ಮನೆಗಳ ನಡುವೆಯೇ ತಣ್ಣಗಾದ ಗುಡ್ಡಗಳನ್ನು ಹತ್ತಿಳಿಯುತ್ತದೆ. ಎದುರಿನ ಕೊಲ್ಲಿಯಲ್ಲಿರುವ ರಂಗಿಟೊಟೊ ದ್ವೀಪವು ಬೆಂಕಿಯುಗುಳಿ ಹುಟ್ಟಿದ್ದು ಕೇವಲ ೬೦೦ ವರ್ಷಗಳ ಹಿಂದೆ.

ಉತ್ತರ ದ್ವೀಪದ ನಡುವೆ ಟೊಂಗರಿರೊ ರಾಷ್ಟ್ರೀಯ ಉದ್ಯಾನ. ತನ್ನ ಕುಲದ ಪವಿತ್ರ ಶಿಖರಗಳು ತುಂಡುತುಂಡಾಗಿ ಮಾರಾಟವಾಗಬಾರದೆಂದು ಮಾವೊರಿ ನಾಯಕನೊಬ್ಬನು ೧೮೮೭ರಲ್ಲಿ ಅವನ್ನು ದೇಶಕ್ಕೆ ಒಪ್ಪಿಸಿದನು; ಆ ದೇಶದ ಪ್ರಥಮ ರಾಷ್ಟ್ರೀಯ ಉದ್ಯಾನವು ಹುಟ್ಟಿದ್ದು ಹೀಗೆ. ಇಲ್ಲಿ ಪೆಸಿಫಿಕ್ ಫಲಕವು ಆಸ್ಟ್ರೇಲಿಯ ಫಲಕದ ಅಡಿಗೆ ಜಾರುತ್ತಿದೆ. ಆಳದಲ್ಲಿ ಕರಗಿದ ಬಂಡೆ ಬೆಟ್ಟಗಳ ಬಾಯಿಂದ ಹೊರಬೀಳುತ್ತದೆ. ೨೦೧೨ರ ಆಗಸ್ಟಿನಲ್ಲಿ ಇಲ್ಲಿಯ ಒಂದು ಬಾಯಿ ಸಿಡಿದಿತ್ತು. ಇದೇ ಫಲಕಗಳ ತಿಕ್ಕಾಟದಿಂದ ೧೮೫೫ರ ಜನವರಿಯಲ್ಲಿ ಭೂಮಿ ನಡುಗಿದಾಗ, ದ್ವೀಪದ ದಕ್ಷಿಣದ ತುದಿಯಲ್ಲಿರುವ ವೆಲಿಂಗ್ಟನ್ ನಗರದ ಕಡಲದಡ ಒಂದು ಮೀಟರಿಗೂ ಮಿಕ್ಕಿ ಮೇಲೆದ್ದಿತು. ಹಾಗೆ ನೀರಿನಿಂದೆದ್ದ ನೆಲದ ಮೇಲೆ ಇಂದು ರಸ್ತೆಯೂ ರೈಲೂ ಸಾಗುತ್ತಿವೆ.

ವೆಲಿಂಗ್ಟನ್ನಿನಿಂದ ಕುಕ್ ಜಲಸಂಧಿಯನ್ನು ಹಡಗಿನಲ್ಲಿ ದಾಟಿದರೆ ದಕ್ಷಿಣ ದ್ವೀಪ. ಇಲ್ಲಿ ಊರುಗಳು ವಿರಳ, ಪರ್ವತಗಳೇ ಅಧಿಕ. ೧,೯೨೫ ಮೀಟರ್ ಎತ್ತರದ ಸ್ಟ್ಯಾಗ್ ಸ್ಯಾಡಲ್ ಎಂಬ ಕಣಿವೆದಾರಿ ಇಡೀ ಪ್ರಯಾಣದ ಅತ್ಯುನ್ನತ ಸ್ಥಳ. ಆದರೆ ಪಯಣಿಗನು ಹೆಚ್ಚು ಅಂಜಬೇಕಾದುದು ಎತ್ತರಕ್ಕಲ್ಲ, ಸೇತುವೆಯಿಲ್ಲದ ಹೊಳೆಗಳಿಗೆ. ಬೆಟ್ಟದಲ್ಲಿ ಮಳೆ ಬಿದ್ದ ಕೆಲವೇ ಗಂಟೆಗಳಲ್ಲಿ ಮೊಣಕಾಲಿನ ನೀರು ಸೊಂಟಕ್ಕೇರುವುದುಂಟು. ಹರಿವಿನ ವೇಗ ಇಮ್ಮಡಿಯಾದರೆ ಕಾಲಿನ ಮೇಲೆ ಬೀಳುವ ಒತ್ತು ಇಮ್ಮಡಿಯಲ್ಲ, ನಾಲ್ಮಡಿ; ವೇಗ ಮುಮ್ಮಡಿಯಾದರೆ ಒಂಬತ್ತು ಮಡಿ. ತೋಳಿನ ಬಲವಾಗಲಿ ಎದೆಯ ಕೆಚ್ಚಾಗಲಿ ಈ ಲೆಕ್ಕವನ್ನು ಬದಲಿಸಲಾರದು. ರಕಾಯ, ರಂಗಿಟಾಟ ಎಂಬ ಎರಡು ಮಹಾನದಿಗಳನ್ನಂತೂ ಕಾಲುದಾರಿಯ ಲೆಕ್ಕಕ್ಕೇ ಸೇರಿಸಿಲ್ಲ. ಪಯಣಿಗರು ವಾಹನದಲ್ಲಿ ಸುತ್ತು ಬಳಸಿ ಆಚೆ ದಡಕ್ಕೆ ಹೋಗುತ್ತಾರೆ. ಉಳಿದ ಹೊಳೆಗಳು ಕೆಂಪಾಗಿ ಉಕ್ಕಿದರೆ ಬೆಟ್ಟದ ತಂಗುಮನೆಯಲ್ಲಿ ಕುಳಿತು ಕಾಯುವುದೇ ವಿವೇಕ. ಅಲ್ಲಿರುವ ಪುಸ್ತಕದಲ್ಲಿ ಪ್ರತಿಯೊಬ್ಬನೂ ತನ್ನ ಹೆಸರನ್ನೂ ಮುಂದೆ ಹೋಗುವ ದಾರಿಯನ್ನೂ ಬರೆಯುತ್ತಾನೆ. ಯಾರಾದರೂ ಕಾಣೆಯಾದರೆ ಹುಡುಕುವವರಿಗೆ ಆ ಒಂದು ಸಾಲೇ ಆಧಾರ.

ಬ್ಲಫ್ ತಲುಪುವ ಹೊತ್ತಿಗೆ ಪಯಣಿಗನ ಚೀಲ ಹಗುರವಾಗಿರುತ್ತದೆ. ಬೇಡದ ವಸ್ತುಗಳನ್ನು ಅವನು ದಾರಿಯುದ್ದಕ್ಕೂ ಬಿಡುತ್ತ ಬಂದಿರುತ್ತಾನೆ. ಭರತದ ವೇಳೆ, ಹೊಳೆಯ ವೇಗ, ಬೂಟಿನ ಮಣ್ಣು ಇವುಗಳ ತಿಳಿವಳಿಕೆ ಮಾತ್ರ ದಿನದಿನಕ್ಕೆ ಹೆಚ್ಚಿರುತ್ತದೆ, ಅದಕ್ಕೆ ತೂಕವಿಲ್ಲ. ಓದುಗರೇ, ನೀವು ನಾಳೆ ನಿಮ್ಮೂರಿನ ಬೆಟ್ಟಕ್ಕೆ ಹೊರಟರೂ ಇದು ನಿಮ್ಮ ಚೀಲದಲ್ಲಿರಲಿ. ಹೊರಡುವ ಮೊದಲು ಎಲ್ಲಿಗೆ ಹೋಗುವಿರೆಂದು ಮನೆಯಲ್ಲಿ ತಿಳಿಸಿ. ಹಿಂದಿರುಗಿದ ಮೇಲೆ ಬೂಟಿನ ಅಡಿಯನ್ನು ಒಮ್ಮೆ ತಿರುಗಿಸಿ ನೋಡಿ.