ಶಿಡ್ಲಘಟ್ಟದ ತಂಡ ಯಾವ ಯೂನಿವರ್ಸಿಟಿಗೆ ಆಡಬೇಕು?

ಕಾಲೇಜು ತಂಡಗಳು ತಮ್ಮೊಳಗೆ ಆಡುವ ಕೂಟಗಳಿಗೆ ಅಮೆರಿಕದಲ್ಲಿ ಕಾನ್ಫರೆನ್ಸ್ ಎನ್ನುತ್ತಾರೆ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಸೇರಲು ಅಲ್ಲಿನ ವಿಶ್ವವಿದ್ಯಾಲಯಗಳೇ ತೀರ್ಮಾನಿಸಬಹುದು. ನಮ್ಮಲ್ಲಿ ಕಾಲೇಜು ಯಾವ ವಿ.ವಿ.ಯ ಅಡಿಯಲ್ಲಿದೆಯೋ ಅದರ ಅಂತರ ಕಾಲೇಜು ಪಂದ್ಯಾವಳಿಯೇ ಗತಿ. ವಿ.ವಿ. ಬದಲಾದರೆ ಎದುರಾಳಿಗಳೂ ಬದಲಾಗುತ್ತಾರೆ.

ಶಿಡ್ಲಘಟ್ಟಕ್ಕೆ ಈ ಬದಲಾವಣೆ ಬಂದದ್ದು 2017ರಲ್ಲಿ. 1964ರಲ್ಲಿ ಹುಟ್ಟಿದ ಬೆಂಗಳೂರು ವಿಶ್ವವಿದ್ಯಾಲಯ ಮೂರಾಯಿತು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಪದವಿ ಕಾಲೇಜುಗಳು ಕೋಲಾರದ ಟಮಕದಿಂದ ನಡೆಯುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಪಾಲಿಗೆ ಬಂದವು.

ಇದರಿಂದ ಆಟಗಾರರಿಗೆ ಒಳ್ಳೆಯದಾಯಿತೇ? ಈ ಪ್ರಶ್ನೆ ಬಂದಾಗ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ಕಪ್ ಗೆದ್ದ ಕಾಲೇಜಿನ ತಂಡವೇ ಮುಂದಿನ ಹಂತಕ್ಕೆ ಹೋಗುತ್ತದೆ ಎಂದು ಅವರು ನಂಬಿರುತ್ತಾರೆ. ಹಾಗಾಗುವುದಿಲ್ಲ. ಅಂತರ ಕಾಲೇಜು ಪಂದ್ಯಗಳಲ್ಲಿ ಮಿಂಚಿದವರನ್ನು ಆಯ್ಕೆಗೆ ಕರೆದು, ಬೇರೆ ಬೇರೆ ಕಾಲೇಜುಗಳ ಆಟಗಾರರನ್ನು ಕೂಡಿಸಿ ವಿ.ವಿ.ಯ ತಂಡ ಕಟ್ಟುತ್ತಾರೆ. ಭಾರತೀಯ ವಿಶ್ವವಿದ್ಯಾಲಯಗಳ ಒಕ್ಕೂಟದ ದಕ್ಷಿಣ ವಲಯ ಪಂದ್ಯಾವಳಿಗೆ ಹೋಗುವುದು ಆ ತಂಡ. ಕಬಡ್ಡಿ, ವಾಲಿಬಾಲ್‌ನಂಥ ಆಟಗಳಲ್ಲಿ ವಲಯದ ಮೊದಲ ನಾಲ್ಕು ತಂಡಗಳು ಅಖಿಲ ಭಾರತ ಹಂತಕ್ಕೆ ಏರುತ್ತವೆ.

ಈಗ ಕಬಡ್ಡಿಯ ಲೆಕ್ಕ ಹಾಕಿ ನೋಡಬೇಕು. ಅಂಕಣದಲ್ಲಿ 7 ಮಂದಿ, ಬದಲಿಗಳು ಸೇರಿ 12. ಮೊದಲು ಬೆಂಗಳೂರು ನಗರದಿಂದ ಕೋಲಾರದ ಗಡಿಯವರೆಗಿನ ಅಷ್ಟೂ ಕಾಲೇಜುಗಳಿಗೆ ಇದ್ದದ್ದು ಆ 12 ಜಾಗ. ಮೂರು ವಿ.ವಿ.ಗಳಾದ ಮೇಲೆ 36. ಚಿಂತಾಮಣಿಯ ಒಬ್ಬ ಒಳ್ಳೆಯ ರೈಡರ್‌ಗೆ ಬಾಗಿಲು ಅಷ್ಟು ಅಗಲವಾಯಿತು.

ಈ ಜಾಗಕ್ಕೆ ಬರೀ ಗೌರವವಲ್ಲ, ಬದುಕಿನ ಬೆಲೆಯೂ ಇದೆ. ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗಳ ಕ್ರೀಡಾ ಕೋಟಾದಲ್ಲಿ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಯಲ್ಲಿ ವಿ.ವಿ.ಯನ್ನು ಪ್ರತಿನಿಧಿಸಿದ ಪ್ರಮಾಣಪತ್ರ ನಡೆಯುತ್ತದೆ. ಕಾಲೇಜು ಮಟ್ಟದ ಕಪ್ ಎಷ್ಟೇ ದೊಡ್ಡದಿದ್ದರೂ ಅಲ್ಲಿ ಲೆಕ್ಕಕ್ಕಿಲ್ಲ. ರೇಷ್ಮೆಗೂಡಿನ ಮಾರುಕಟ್ಟೆಯನ್ನೇ ನಂಬಿದ ಮನೆಯಿಂದ ಬಂದ ಹುಡುಗಿಗೆ ಆ ಒಂದು ಹಾಳೆ ಎಷ್ಟು ದೊಡ್ಡದೆಂದು ಊರಿನ ಯಾವ ದೈಹಿಕ ಶಿಕ್ಷಣ ನಿರ್ದೇಶಕರನ್ನು ಕೇಳಿದರೂ ಹೇಳುತ್ತಾರೆ!

ನಷ್ಟವೂ ಇದೆ. ಹಾಸ್ಟೆಲ್, ತರಬೇತುದಾರ, ಸಿಂಥೆಟಿಕ್ ಅಂಕಣ ಎಲ್ಲವೂ ಇರುವ ನಗರದ ಎಷ್ಟೋ ಕಾಲೇಜುಗಳು ಬೇರೆ ವಿ.ವಿ.ಗಳಿಗೆ ಹಂಚಿಹೋದವು. ಕೆಲವು ತಾವೇ ವಿಶ್ವವಿದ್ಯಾಲಯಗಳಾದವು. ಸೇಂಟ್ ಜೋಸೆಫ್ಸ್ 2022ರಲ್ಲಿ ಹಾಗಾಯಿತು. ಡೀಮ್ಡ್ ವಿ.ವಿ.ಯಾದ ಜೈನ್ ತನ್ನದೇ ತಂಡ ಕಟ್ಟಿ, 2022ರಲ್ಲಿ ಬೆಂಗಳೂರಿನಲ್ಲೇ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ 20 ಚಿನ್ನದೊಂದಿಗೆ ಅಗ್ರಸ್ಥಾನ ಪಡೆಯಿತು. ಅಂಥವರೊಂದಿಗೆ ವರ್ಷವಿಡೀ ಸೆಣಸದೆ ಬೆಳೆದ ಆಟಗಾರ ದಕ್ಷಿಣ ವಲಯದಲ್ಲಿ ಅವರಿಗೆ ನೇರವಾಗಿ ಎದುರಾದರೆ ಮೊದಲ ಪಂದ್ಯ ಕಷ್ಟವೇ.

ಸ್ವಾಯತ್ತ ಕಾಲೇಜೂ ಹೀಗೆ ಬೇರೆಯಾಗಬಹುದೇ ಎಂದು ಕೇಳುವವರಿದ್ದಾರೆ. ಇಲ್ಲ, ಪದವಿ ಕೊಡುವುದು ಮೂಲ ವಿ.ವಿ.ಯೇ ಆದ್ದರಿಂದ ಆಟವೂ ಅಲ್ಲೇ. ಎಂಜಿನಿಯರಿಂಗ್ ಕಾಲೇಜುಗಳ ದಾರಿ ಬೇರೆ. ಚಿಕ್ಕಬಳ್ಳಾಪುರದ ಎಸ್‌ಜೆಸಿಐಟಿಯಂಥವು 1998ರಲ್ಲಿ ಶುರುವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿವೆ. ಶಿಡ್ಲಘಟ್ಟದ ಒಂದೇ ಬೀದಿಯ ಇಬ್ಬರು ಗೆಳೆಯರಲ್ಲಿ ಪದವಿ ಓದುವವನು ಸುತ್ತಿನ ಜಿಲ್ಲೆಗಳವರೊಂದಿಗೆ ಪೈಪೋಟಿ ಮಾಡಿದರೆ, ಎಂಜಿನಿಯರಿಂಗ್ ಓದುವವನು ಬೆಳಗಾವಿ, ಮಂಗಳೂರಿನವರನ್ನೂ ಹಿಂದಿಕ್ಕಬೇಕು.

ಅಮೆರಿಕದಲ್ಲಿ 2024ರಲ್ಲಿ ಟಿವಿ ಹಣದ ಆಸೆಗೆ ಹತ್ತು ವಿಶ್ವವಿದ್ಯಾಲಯಗಳು ಪ್ಯಾಕ್-12 ಕೂಟ ತೊರೆದವು. ಲಾಸ್ ಏಂಜಲೀಸ್‌ನ ಯುಸಿಎಲ್‌ಎ ಸೇರಿದ ಬಿಗ್ ಟೆನ್‌ನಲ್ಲಿ ಸುಮಾರು 4,000 ಕಿ.ಮೀ. ದೂರದ ನ್ಯೂಜೆರ್ಸಿಯ ರಟ್ಗರ್ಸ್ ಕೂಡ ಇದೆ. ಫುಟ್‌ಬಾಲ್ ತಂದ ಹಣಕ್ಕಾಗಿ ವಾಲಿಬಾಲ್ ಆಡುವ ಹುಡುಗಿಯರೂ ತರಗತಿ ಬಿಟ್ಟು ಖಂಡ ದಾಟಬೇಕಾಯಿತು. ಇದಕ್ಕೆ ಹೋಲಿಸಿದರೆ ನಮ್ಮ 2017ರ ಬದಲಾವಣೆ ಆಟಗಾರರಿಗೆ ಲಾಭದ್ದೇ. ಜಾಗ ಹೆಚ್ಚಿತು, ಮೈಸೂರು ರಸ್ತೆಯ ಜ್ಞಾನಭಾರತಿಯವರೆಗೆ ನಗರ ಸೀಳಿಕೊಂಡು ಹೋಗುವುದು ತಪ್ಪಿತು. ಆದರೆ ನಗರದ ತಂಡಗಳೊಂದಿಗೆ ಸ್ನೇಹಪಂದ್ಯಗಳನ್ನು ಹಟ ಹಿಡಿದು ಏರ್ಪಡಿಸಬೇಕು.

ಇನ್ನೊಂದು ಕೆಲಸವೂ ಆಗಬೇಕಿದೆ. 2017ಕ್ಕೆ ಮುಂಚೆ ಮತ್ತು ಆಮೇಲೆ ಈ ನಾಲ್ಕು ತಾಲ್ಲೂಕುಗಳಿಂದ ವಿ.ವಿ. ತಂಡಕ್ಕೆ ಆಯ್ಕೆಯಾದವರು ಯಾರು, ಯಾವ ಆಟಕ್ಕೆ, ಅವರಲ್ಲಿ ಹುಡುಗಿಯರೆಷ್ಟು ಎಂಬುದನ್ನು ಕಾಲೇಜುಗಳ ಹಳೆಯ ಕ್ರೀಡಾ ರಿಜಿಸ್ಟರ್‌ಗಳಿಂದ ಹೆಕ್ಕಿ ತೆಗೆಯಬೇಕು. ಬಿ.ಪಿ.ಎಡ್. ವಿದ್ಯಾರ್ಥಿಯೊಬ್ಬರು ಮನಸ್ಸು ಮಾಡಿದರೆ ಒಂದು ಬೇಸಿಗೆ ರಜೆಯಲ್ಲಿ ಇದನ್ನು ಶಿಡ್ಲಘಟ್ಟದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಿಂದಲೇ ಶುರುಮಾಡಬಹುದು.